ಆಕಾಶದಲ್ಲಷ್ಟೇ ಕಾಣುವ ಚುಕ್ಕೆ

ಚಿಟಗುಪ್ಪದ ಹುಡುಗನ ಕೈಗೆ ಹೊಸ ಕ್ಯಾಮೆರಾ ಬಂದರೆ ಮೊದಲು ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋಗಬೇಕು. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆ ಅಲ್ಲಿನ ಗುಡಿಯ ಗೋಡೆಯಲ್ಲಿದ್ದಾಳೆ. ಹತ್ತಿರದಿಂದ ತೆಗೆದರೆ ಚಿತ್ರ ಚೊಕ್ಕ. ಹಿಂದೆ ಸರಿದು ಇಡೀ ಗುಡಿಯನ್ನು ಆಕಾಶ ಸಮೇತ ಹಿಡಿದಾಗ ಎಡಮೂಲೆಯ ಮೇಲ್ಗಡೆ ಒಂದು ಬೂದು ಚುಕ್ಕೆ. ಹದ್ದಿರಬೇಕು ಅಂದುಕೊಂಡರೆ ಮುಂದಿನ ಚಿತ್ರದಲ್ಲೂ ಅದೇ ಜಾಗದಲ್ಲಿ ಅದೇ ಹದ್ದು! “ಕ್ಯಾಮೆರಾ ಕೆಟ್ಟದೇನ್ರಿ ಕಾಕಾ?”

ಕೆಟ್ಟಿಲ್ಲ. ಸೆನ್ಸರ್ ಮೇಲೆ ಒಂದು ಕಣ ಧೂಳು ಕೂತಿದೆ. ಶಿಲಾಬಾಲಿಕೆಯ ಚಿತ್ರದಲ್ಲೂ ಅದು ಇತ್ತು, ಕಲ್ಲಿನ ಒರಟಿನಲ್ಲಿ ಕಣ್ಣಿಗೆ ಬೀಳಲಿಲ್ಲ. ಲೆನ್ಸಿನ ಬೆಳಕಿನ ಕಂಡಿ, ಅಂದರೆ ಅಪರ್ಚರ್, ಎಫ್ 4ರಷ್ಟು ಅಗಲವಾಗಿದ್ದರೆ ಬೆಳಕು ಎಲ್ಲ ಕಡೆಯಿಂದ ನುಗ್ಗಿ ಕಣದ ನೆರಳನ್ನು ಕರಗಿಸಿಬಿಡುತ್ತದೆ. ಎಫ್ 16ಕ್ಕೆ ಕಿರಿದುಗೊಳಿಸಿದಿರೋ, ನೆರಳು ಗಟ್ಟಿಯಾಗಿ ಮೂಡುತ್ತದೆ. ನಿನ್ನೆ ಇಲ್ಲದ ಕಲೆ ಇವತ್ತು ಬಂತೆಂದು ಗಾಬರಿಯಾಗುವುದು ಇದಕ್ಕೇ.

ಈ ಸೀಮೆ ನಿಜಾಮರದ್ದಾಗಿದ್ದಾಗ ಆರನೇ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಗಾಜಿನ ಪ್ಲೇಟುಗಳ ಮೇಲೆ ಚಿತ್ರ ತೆಗೆದವರು. ಪ್ಲೇಟಿನ ಮೇಲೆ ಧೂಳು ಬಿದ್ದರೆ ಕೆಡುವುದು ಅದೊಂದೇ ಚಿತ್ರ. ಮುಂದಿನದಕ್ಕೆ ಹೊಸ ಪ್ಲೇಟು. ನಮ್ಮದು ಸಾವಿರ ಚಿತ್ರಕ್ಕೂ ಒಂದೇ ಪ್ಲೇಟು.

ಎಲ್ಲ ಕಲೆಯೂ ಧೂಳಿನದಲ್ಲ, ಅದೂ ನಿಜ. ಸೂರ್ಯನ ಕಡೆ ತಿರುಗಿದಾಗ ಸಾಲಾಗಿ ಬರುವ ಬಣ್ಣದ ಬೊಟ್ಟುಗಳು ಕ್ಯಾಮೆರಾ ಅಲುಗಿದಂತೆ ಜಾಗ ಬಿಡುತ್ತವೆ; ಲೆನ್ಸಿನ ಗಾಜುಗಳ ನಡುವೆ ಬೆಳಕು ಪುಟಿದು ಆಗುವಂಥವು ಅವು. ರಾತ್ರಿ ಜಾತ್ರೆಯಲ್ಲಿ ಫ್ಲ್ಯಾಶ್ ಹಾಕಿದಾಗ ತೇರಿನ ಸುತ್ತ ತೇಲುವ ಬಿಳಿ ಉಂಡೆಗಳ ಗಮ್ಮತ್ತೇ ಬೇರೆ. ಪವಾಡವೆಂದು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ, ಮಾರಾಯರೆ. ಜನರ ಕಾಲಿನ ಧೂಳು ಲೆನ್ಸಿನ ಮೂಗಿನ ಮುಂದೆಯೇ ಹಾರಾಡುತ್ತಿರುತ್ತದೆ, ಫ್ಲ್ಯಾಶ್ ಬೆಳಕು ಮೊದಲು ಬೀಳುವುದು ಅದರ ಮೇಲೆ. ಫ್ಲ್ಯಾಶ್ ಆರಿಸಿ ತೆಗೆದರೆ ಉಂಡೆಗಳೂ ಮಾಯ.

ಅಳಿಸುವ ಬಟನ್ ಒತ್ತಿದರೆ ಎಲ್ಲವೂ ಅರೆಕ್ಷಣದಲ್ಲಿ ಹೋಗುತ್ತದೆ. ಕಲಿಯುವವರಿಗೆ ನಾನು ಅದನ್ನು ಹೇಳಲಾರೆ. ಚುಕ್ಕೆ ನಿಂತಲ್ಲೇ ನಿಂತಿದೆಯೋ, ಬೆಳಕಿನ ಜೊತೆ ಸರಿಯುತ್ತಿದೆಯೋ, ಒಮ್ಮೆ ಬಂದು ಹೋಯಿತೋ, ಇಷ್ಟು ನೋಡಿದರೆ ಅದರ ಊರು ಸಿಕ್ಕಂತೆ.

ನಿಂತಲ್ಲೇ ನಿಂತಿದ್ದರೆ ಎಫ್ 22 ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಅಡಗಿದ ಕಣಗಳೆಲ್ಲ ಹೊರಬೀಳುತ್ತವೆ. ಸೆನ್ಸರ್ ಮೇಲೆ ಬಿಂಬ ತಲೆಕೆಳಗಾಗಿ ಮೂಡುವುದರಿಂದ, ಚಿತ್ರದಲ್ಲಿ ಮೇಲಿರುವ ಚುಕ್ಕೆಯ ಧೂಳು ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಬ್ಯಾಟರಿ ತುಂಬಿರಲಿ. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿ, ಲೆನ್ಸ್ ಕಳಚಿ, ಕ್ಯಾಮೆರಾದ ಬಾಯಿ ನೆಲದ ಕಡೆ ಮಾಡಿ ರಬ್ಬರ್ ಬ್ಲೋವರ್ ಒತ್ತಿ. ಬಾಯಿಂದ ಊದಿದರೆ ಎಂಜಲು ಹಾರಿ ಒಣ ಧೂಳಿನ ಜಾಗದಲ್ಲಿ ಅಂಟು ಕಲೆ ಕೂರುತ್ತದೆ. ತೊಗರಿ ರಾಶಿಯ ದಿನಗಳಲ್ಲಿ, ಹೊಟ್ಟು ಹಾರುವ ಕಣದ ಬಳಿ ನಿಂತು ಲೆನ್ಸ್ ಬದಲಿಸುವುದಂತೂ ಬೇಡವೇ ಬೇಡ. ಬ್ಲೋವರಿಗೂ ಜಗ್ಗದ ಕಲೆಯಾದರೆ ಕೆಲಸ ಬಲ್ಲವರ ಕೈಗೆ ಕೊಡಿ.