ಉಪಚರಿಸುವವರಿಗೆ ಉಪಚಾರ

ರೋಗಿಯ ನೋವು ಕಣ್ಣಿಗೆ ಕಾಣುತ್ತದೆ. ರೋಗಿಯ ಬಳಿ ನಿಂತವರ ನೋವು ಕಾಣುವುದಿಲ್ಲ. ಜ್ವರವನ್ನು ಅಳೆಯಲು ಮಾಪಕವುಂಟು, ನಾಡಿಯನ್ನು ಎಣಿಸಲು ಗಡಿಯಾರವುಂಟು. ಆದರೆ ಹಗಲಿರುಳು ಸಾವನ್ನು ನೋಡುತ್ತ ನಿಂತವರ ಮನಸ್ಸು ಎಷ್ಟು ಸವೆದಿದೆಯೆಂದು ಕೇಳುವವರು ವಿರಳ. ಮಹಾಮಾರಿಯ ಕಾಲದಲ್ಲಿ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು, ವಾರ್ಡುಗಳನ್ನು ಗುಡಿಸಿ ತೊಳೆದವರು, ಆಂಬುಲೆನ್ಸ್ ನಡೆಸಿದವರು ಪಟ್ಟ ಮನೋವ್ಯಥೆ ಯಾರ ಹೊಣೆ? ಅದು ಅವರವರೇ ನುಂಗಿಕೊಳ್ಳಬೇಕಾದ ಸ್ವಂತ ದುಃಖವೋ, ಅಥವಾ ಅವರ ಸೇವೆಯನ್ನು ಪಡೆದ ಸಮಾಜವು ತೀರಿಸಬೇಕಾದ ಋಣವೋ? ಇದು ವೈದ್ಯಶಾಸ್ತ್ರದ ಪ್ರಶ್ನೆ ಮಾತ್ರವಲ್ಲ. ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆಯೂ ಹೌದು.

ಕೋವಿಡ್ ವ್ಯಾಧಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಜಾಗತಿಕ ಮಹಾಮಾರಿಯೆಂದು ಕರೆಯಿತು. ಅದರ ಹಿಂದಿನ ದಿನವೇ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದರು. ಈ ವ್ಯಾಧಿಯಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣ ಅದೆಂದು ಬಳಿಕ ದೃಢಪಟ್ಟಿತು. ಹೀಗೆ ಶರಣರು ನಡೆದಾಡಿದ ಸೀಮೆಯಲ್ಲಿಯೇ ದೇಶದ ದುಃಖದ ಮೊದಲ ಪುಟ ತೆರೆಯಿತು. 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಪ್ರಪಂಚದಾದ್ಯಂತ 80,000ದಿಂದ 1,80,000 ಮಂದಿ ಆರೋಗ್ಯ ಸೇವಕರು ಈ ವ್ಯಾಧಿಗೆ ಬಲಿಯಾಗಿರಬಹುದೆಂದು ಅದೇ ಸಂಸ್ಥೆ ಅಂದಾಜು ಮಾಡಿದೆ. ಸತ್ತವರ ಲೆಕ್ಕ ಹೀಗಾದರೂ ಸಿಕ್ಕಿತು. ಬದುಕಿ ಉಳಿದು ಒಳಗೇ ಬೆಂದವರ ಲೆಕ್ಕವನ್ನು ಯಾವ ಕಡತದಲ್ಲಿ ಹುಡುಕಬೇಕು?

ಅವರ ವ್ಯಥೆಯನ್ನು ವಿವೇಚಿಸಿದರೆ ಅದರಲ್ಲಿ ಮೂರು ಬಗೆ ಕಾಣುತ್ತವೆ. ಮೊದಲನೆಯದು ಭಯ. ತನಗೆ ರೋಗ ತಗಲೀತೆಂಬ ಭಯಕ್ಕಿಂತ, ತನ್ನಿಂದ ಮನೆಯ ಮುದುಕರಿಗೂ ಮಕ್ಕಳಿಗೂ ತಗಲೀತೆಂಬ ಭಯ ದೊಡ್ಡದು. ಎಷ್ಟೋ ಮಂದಿ ದಾದಿಯರು ವಾರಗಟ್ಟಲೆ ಮನೆಗೆ ಹೋಗದೆ, ಹೋದರೂ ಮಗುವನ್ನು ಮುಟ್ಟದೆ, ಬಾಗಿಲಾಚೆಯಿಂದಲೇ ಮಾತನಾಡಿಸಿ ಹಿಂದಿರುಗಿದರು. ಎರಡನೆಯದು ದಣಿವು. ಗಾಳಿಯಾಡದ ರಕ್ಷಣಾ ಉಡುಪನ್ನು ತೊಟ್ಟು, ಒಮ್ಮೆ ತೊಟ್ಟರೆ ನೀರು ಕುಡಿಯಲೂ ಬಹಿರ್ದೆಸೆಗೆ ಹೋಗಲೂ ಆಗದೆ, ಬೆವರಿನಲ್ಲಿ ತೋಯ್ದು ಗಂಟೆಗಟ್ಟಲೆ ನಿಂತು ದುಡಿದವರ ದಣಿವು ಒಂದು ರಾತ್ರಿಯ ನಿದ್ರೆಯಿಂದ ಕಳೆಯುವಂಥದಲ್ಲ.

ಮೂರನೆಯದು ಇವೆರಡಕ್ಕಿಂತ ಸೂಕ್ಷ್ಮವಾದುದು, ಹೆಚ್ಚು ಕ್ರೂರವಾದುದು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಎರಡನೆಯ ಅಲೆ ಎದ್ದಾಗ, ಹಾಸಿಗೆಗಳು ಸಾಲಲಿಲ್ಲ, ಆಮ್ಲಜನಕ ಸಾಲಲಿಲ್ಲ. ಇರುವ ಒಂದು ಹಾಸಿಗೆಗೆ ಇಬ್ಬರು ರೋಗಿಗಳು ಬಂದರೆ ಯಾರನ್ನು ಒಳಗೆ ಕರೆಯಬೇಕು? ಬಂಧುಗಳು ಹತ್ತಿರ ಬರುವಂತಿಲ್ಲವಾಗಿ, ಸಾಯುವವನ ಕಿವಿಯ ಬಳಿ ದಾದಿಯೇ ಫೋನು ಹಿಡಿದು ನಿಂತು, ಮಗಳ ಕೊನೆಯ ಮಾತನ್ನು ತಂದೆಗೆ ಕೇಳಿಸಿದ ಸಂದರ್ಭಗಳುಂಟು. ಆ ದಾದಿ ಅಂದು ಮನೆಗೆ ಹೋಗಿ ಯಾರ ಎದುರು ಅಳಬೇಕು? ತಾನು ಮಾಡಬೇಕೆಂದು ಬಲ್ಲುದನ್ನು ಮಾಡಲಾಗದೆ ಕೈಕಟ್ಟಿ ನಿಲ್ಲಬೇಕಾದಾಗ ಮನಸ್ಸಾಕ್ಷಿಗೆ ಆಗುವ ಗಾಯವಿದು. ಭಯವು ಕಾಲಕ್ರಮದಲ್ಲಿ ಕರಗೀತು. ದಣಿವು ವಿಶ್ರಾಂತಿಯಿಂದ ಇಳಿದೀತು. ಆದರೆ 'ನನ್ನಿಂದ ಅವನು ಸತ್ತನೇ' ಎಂಬ ಶಂಕೆ ನಡುರಾತ್ರಿಯಲ್ಲಿ ಎದ್ದು ಕುಳಿತುಕೊಳ್ಳುತ್ತದೆ.

ಇಲ್ಲಿ ನ್ಯಾಯವನ್ನು ಸ್ಪಷ್ಟವಾಗಿ ನುಡಿಯಬೇಕಾಗಿದೆ. ಹಾಸಿಗೆಯ ಕೊರತೆ ಆ ರಾತ್ರಿ ಹುಟ್ಟಿದ್ದಲ್ಲ. ಆಸ್ಪತ್ರೆಗಳಿಗೆ ಹಣವನ್ನೂ ಜನರನ್ನೂ ಒದಗಿಸಲು ಹಿಂಜರಿದ ಅನೇಕ ವರ್ಷಗಳ ಫಲ ಅದು. ಸಮಾಜವೆಲ್ಲ ಕೂಡಿ ಮಾಡಿದ ಲೋಪದ ಪಾಪಪ್ರಜ್ಞೆಯನ್ನು ಬಾಗಿಲಲ್ಲಿ ನಿಂತ ಒಬ್ಬ ಕಿರಿಯ ವೈದ್ಯ ಒಬ್ಬನೇ ಹೊರುವುದು ಧರ್ಮವಲ್ಲ. ಹೊಣೆಯನ್ನು ಹಂಚಿಕೊಳ್ಳುವುದೇ ಅವನ ಮನಸ್ಸಿಗೆ ಕೊಡುವ ಮೊದಲ ಔಷಧ.

ಆದರೆ ಸಮಾಜ ಮಾಡಿದ್ದೇನು? 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ದೇಶವೆಲ್ಲ ಮನೆಯ ಹೊರಗೆ ನಿಂತು ಚಪ್ಪಾಳೆ ತಟ್ಟಿತು, ಜಾಗಟೆ ಬಾರಿಸಿತು. ಆ ಕೃತಜ್ಞತೆ ಸುಳ್ಳಲ್ಲ. ಆದರೆ ಅದೇ ದಿನಗಳಲ್ಲಿ ದೇಶದ ಹಲವೆಡೆ ಬಾಡಿಗೆಯ ಮನೆಗಳಿಂದ ವೈದ್ಯರನ್ನೂ ದಾದಿಯರನ್ನೂ ಹೊರಡಿರೆಂದವರುಂಟು. ಮನೆಮನೆಗೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಬೈದು ಅಟ್ಟಿದವರುಂಟು. ಪ್ಲೇಗಿನ ಕಾಲದಲ್ಲಿ, 1897ರಲ್ಲಿ ಹುಟ್ಟಿದ ಸಾಂಕ್ರಾಮಿಕ ರೋಗಗಳ ಕಾಯಿದೆಗೆ 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸೇವಕರ ಮೇಲೆ ಕೈಮಾಡಿದವರಿಗೆ ಸೆರೆವಾಸವನ್ನು ವಿಧಿಸಬೇಕಾಯಿತು. ಕೈ ಮುಗಿಯುವ ಜನರಿಂದಲೇ ಕಾಪಾಡಲು ಕಾನೂನು ಬೇಕಾಯಿತೆಂದರೆ, ಆ ಮುಗಿದ ಕೈಗಳ ಅರ್ಥವೇನು?

ಒಬ್ಬನನ್ನು ದೇವರೆಂದು ಹೊಗಳುವುದರಲ್ಲಿ ಒಂದು ಅನುಕೂಲವಿದೆ. ದೇವರಿಗೆ ನಿದ್ರೆ ಬೇಕಿಲ್ಲ, ವೇತನ ಬೇಕಿಲ್ಲ, ಕಣ್ಣೀರಿಲ್ಲ. ಮನುಷ್ಯನೆಂದು ಒಪ್ಪಿಕೊಂಡರೆ ಇವೆಲ್ಲವನ್ನೂ ಕೊಡಬೇಕಾಗುತ್ತದೆ. ಕೆಲವೊಮ್ಮೆ ಸ್ತುತಿಯು ಋಣವನ್ನು ತಪ್ಪಿಸಿಕೊಳ್ಳುವ ಸುಲಭೋಪಾಯವೂ ಆಗುತ್ತದೆ. ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಮ್ಮ ಗೌರವಧನವನ್ನು ನಿಶ್ಚಿತವಾಗಿ 12,000 ರೂಪಾಯಿಗೆ ಏರಿಸಬೇಕೆಂದು 2020ರ ಜುಲೈಯಲ್ಲಿ, ಮಹಾಮಾರಿಯ ನಡುವೆಯೇ, ಮುಷ್ಕರ ಹೂಡಬೇಕಾಯಿತೆಂಬುದನ್ನು ಚಪ್ಪಾಳೆಯ ಜೊತೆಗೆ ನೆನೆಯತಕ್ಕದ್ದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕಾಯಕವನ್ನು ಪೂಜೆಯೆಂದು ಬಗೆದವನಿಗೆ ದಣಿವೆಲ್ಲಿಯದು? ನಿಷ್ಕಾಮವಾಗಿ ದುಡಿಯುವವನು ತನ್ನ ಮನಸ್ಸಿನ ಸುಖವನ್ನು ಎಣಿಸಬಹುದೇ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಏಕೆಂದರೆ ನಿಷ್ಠೆಯುಳ್ಳ ಸೇವಕರೇ ತಮ್ಮ ಮೇಲೆ ತಾವು ಇದನ್ನು ಹೊರಿಸಿಕೊಂಡು ಮೌನವಾಗಿ ಬೇಯುತ್ತಾರೆ. ಆದರೆ ಕಾಯಕವೆಂಬ ಮಾತಿನೊಳಗೇ ಕಾಯವಿದೆ. ಶರಣರು ಕಾಯವನ್ನು ಹಳಿದವರಲ್ಲ. ಅದನ್ನು ಶಿವನ ನೆಲೆಯೆಂದು ಮನ್ನಿಸಿದವರು. ನೆಲೆಯನ್ನು ಕೆಡವಿ ಪೂಜೆ ನಡೆಸುವುದೆಂತು? ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೇ ಇದ್ದನು. ರೋಗ, ಔಷಧಗಳ ಮಾತಿನಲ್ಲಿಯೇ ಆತನು ಅಂತರಂಗದ ತತ್ತ್ವವನ್ನು ಹೇಳಿದನು. ದೇಹದ ಬೇನೆಗೂ ಮನದ ಬೇನೆಗೂ ನಡುವೆ ಗೋಡೆಯಿಲ್ಲವೆಂಬುದು ಆ ದೃಷ್ಟಿಗೆ ಹೊಸದಲ್ಲ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆ ಎಲ್ಲ ಭಕ್ತರಿಗೂ ತಿಳಿದುದು. ಅದನ್ನು ಆಶೆಯ ನಿರಾಕರಣವೆಂದು ಮಾತ್ರ ಓದುವುದುಂಟು. ಕಾಯಕಕ್ಕೂ ಒಂದು ಮಿತಿಯುಂಟು ಎಂಬ ಅರ್ಥವೂ ಅದರಲ್ಲಿ ಅಡಗಿದೆ. ಇಂದಿಗೆ ಬೇಕಾದಷ್ಟನ್ನು ಇಂದು ದುಡಿದು, ನಾಳೆಗೆ ಮತ್ತೆ ಶುದ್ಧಮನದಿಂದ ಹೊರಡುವುದೇ ಆ ದಂಪತಿಗಳ ಕ್ರಮ. ಮಿತಿಯನ್ನು ಮೀರಿ ಹೊತ್ತವನು ನಾಳೆಯ ಕಾಯಕಕ್ಕೆ ಉಳಿಯುವುದಿಲ್ಲ. ಮಿತಿಯನ್ನು ಮೀರಿ ಹೊರಿಸಿದವನೋ, ಇನ್ನೊಬ್ಬರ ಕಾಯವನ್ನು ಕದ್ದವನೇ ಸರಿ. ದಾಸೋಹವೂ ಒಂದೇ ದಿಕ್ಕಿಗೆ ಹರಿಯುವ ನೀರಲ್ಲ. ಉಣಬಡಿಸಿದವನು ಹಸಿದು ಮಲಗಿದನೋ ಎಂದು ಉಂಡವನು ನೋಡಬೇಕಾದ ಧರ್ಮವೂ ಅದರೊಳಗಿದೆ.

ಕೆಲಸದ ಒತ್ತಡದಿಂದ ಮನಸ್ಸು ಸುಟ್ಟು ಬರಿದಾಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವಿವರಿಸಿ, ಅದು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದಿತು, ರೋಗವೆಂದು ಹೆಸರಿಸಲಿಲ್ಲ. ಬತ್ತಿದ ಶಕ್ತಿ, ಕೆಲಸದ ಬಗೆಗೆ ಮೂಡುವ ಅನಾದರ, ತನ್ನಿಂದ ಏನೂ ಆಗದೆಂಬ ಭಾವ, ಇವು ಅದರ ಲಕ್ಷಣಗಳು. ಇದರಿಂದ ಗ್ರಹಿಸಬೇಕಾದ ನೀತಿಯೊಂದುಂಟು. ದೋಷವು ದುಡಿಯುವವನ ಸ್ವಭಾವದಲ್ಲಿದೆ ಎಂದು ತೀರ್ಮಾನಿಸುವ ಮುನ್ನ, ದುಡಿಸುವ ಕ್ರಮದಲ್ಲಿದೆಯೇ ಎಂದು ನೋಡಬೇಕು. ಬಳಲಿದವನಿಗೆ ಧ್ಯಾನವನ್ನು ಬೋಧಿಸಿ, ಅವನ ಪಾಳಿಯ ಗಂಟೆಗಳನ್ನು ಹಾಗೆಯೇ ಉಳಿಸುವುದು ಅರ್ಧ ಚಿಕಿತ್ಸೆ. ಧ್ಯಾನವು ಒಳಗನ್ನು ತಣಿಸೀತು; ಹೊರಗಿನ ಅನ್ಯಾಯವನ್ನು ಮನುಷ್ಯರೇ ತಿದ್ದಬೇಕು.

ಸಹಾಯದ ದಾರಿಗಳು ಇಲ್ಲದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಮನದ ನೋವನ್ನು ಹೇಳಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆ ಯೋಜನೆಯ ಪ್ರಧಾನ ಕೇಂದ್ರ. ಆದರೆ ಬಾಗಿಲು ತೆರೆದಿದ್ದರೂ ನಾಚಿಕೆ ಅಡ್ಡ ನಿಲ್ಲುತ್ತದೆ. ವೈದ್ಯನೇ ಮನೋರೋಗಿಯಾದನಂತೆ ಎಂಬ ಜನರ ಮಾತಿಗೆ ಅಂಜಿ ಹಿಂದೆ ಸರಿದವರೆಷ್ಟೋ! ಆ ಮಾತನ್ನು ಆಡದಿರುವುದೂ ಒಂದು ಸೇವೆ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಈ ವ್ಯಾಧಿಯ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಘೋಷಣೆಯೊಂದಿಗೆ ತುರ್ತು ಮುಗಿಯುತ್ತದೆ, ಸ್ಮೃತಿ ಮುಗಿಯುವುದಿಲ್ಲ. ಬೀದಿಯಲ್ಲಿ ದಾದಿಯೊಬ್ಬಳ ಮನೆಯಿದ್ದರೆ, ರಾತ್ರಿಯ ಪಾಳಿ ಮುಗಿಸಿ ಬಂದವಳ ನಿದ್ರೆಗೆ ಭಂಗ ಬಾರದಂತೆ ನಡೆದುಕೊಳ್ಳುವುದು. ಆಸ್ಪತ್ರೆಯಲ್ಲಿ ದುಃಖವು ಕೋಪವಾಗಿ ತಿರುಗುವಾಗ ಒಂದು ಗಳಿಗೆ ನಾಲಗೆಯನ್ನು ತಡೆಯುವುದು. ಊಟವಾಯಿತೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳುವುದು. ಅವರ ವೇತನ, ವಿಶ್ರಾಂತಿಗಳ ಪ್ರಶ್ನೆ ಬಂದಾಗ ಅವರ ಪಕ್ಷದಲ್ಲಿ ಮಾತನಾಡುವುದು: ಗೃಹಸ್ಥನಿಂದ ಆಗದ ಕೆಲಸಗಳಲ್ಲ ಇವು. ಮುಂದೆ ಮತ್ತೊಂದು ಮಾರಿ ಬಂದರೆ ರೋಗಿಯ ತಲೆದೆಸೆಯಲ್ಲಿ ನಿಲ್ಲಬೇಕಾದವರು ಇವರೇ, ಇವರ ಮಕ್ಕಳೇ. ಅಂದು ಅವರು ಬರಬೇಕಾದರೆ, ಇಂದು ಅವರ ಕುಶಲವನ್ನು ಕೇಳಬೇಕು.