ಮಾರಿದ ಮೇಲೂ ಉಳಿಯುವ ಹೊಣೆ



ಪ್ರವಾದಿವರ್ಯರ(ಸ) ಅನುಚರರಾದ ವಾಸಿಲ ಬಿನ್ ಅಸ್ಕಅ್(ರ)ರ ಕುರಿತು ಮುಸ್ನದ್ ಅಹ್ಮದ್‌ನಲ್ಲಿ ಒಂದು ಘಟನೆ ವರದಿಯಾಗಿದೆ. ಒಬ್ಬನು ಒಂಟೆಯೊಂದನ್ನು ಕೊಂಡು ಹೊರಟಿದ್ದನು. ವಾಸಿಲ(ರ) ಅವನ ಹಿಂದೆಯೇ ಹೋಗಿ, ಇದನ್ನು ಮಾಂಸಕ್ಕಾಗಿ ಕೊಂಡದ್ದೋ ಪ್ರಯಾಣಕ್ಕಾಗಿಯೋ ಎಂದು ವಿಚಾರಿಸಿದರು. ಪ್ರಯಾಣಕ್ಕೆಂದು ತಿಳಿದಾಗ, ಅದರ ಪಾದದಲ್ಲಿ ದೋಷವಿದೆಯೆಂದು ಹೇಳಿಬಿಟ್ಟರು. ವ್ಯಾಪಾರ ಕೆಡಿಸಿದಿರೆಂದು ಮಾರಿದವನು ಆಕ್ಷೇಪಿಸಿದನು. ಆಗ ಅವರು ಪ್ರವಾದಿವರ್ಯರ(ಸ) ಬೋಧನೆಯನ್ನು ನೆನಪಿಸಿದರು: ದೋಷವನ್ನು ತಿಳಿಸದೆ ಮಾರುವುದು ಧರ್ಮಸಮ್ಮತವಲ್ಲ, ಅದನ್ನು ಬಲ್ಲ ಮೂರನೆಯವನು ಸುಮ್ಮನಿರುವುದೂ ಧರ್ಮಸಮ್ಮತವಲ್ಲ.

ಇಂದು ಒಂಟೆಯ ಜಾಗದಲ್ಲಿ ಕಾರು, ಬೈಕು, ಟ್ರ್ಯಾಕ್ಟರ್‌ಗಳಿವೆ. ಹನುಮನಹಳ್ಳಿಯ ರೈತನೊಬ್ಬ ಭತ್ತ ಮಾರಿದ ಹಣ ಹಿಡಿದು ಹಳೆಯ ವಾಹನ ಕೊಳ್ಳಲು ಗಂಗಾವತಿಗೆ ಹೋದನೆನ್ನಿ. ಅವನ ಕಣ್ಣಿಗೆ ಬೀಳುವುದು ಹೊಸ ಬಣ್ಣ ಮಾತ್ರ. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದು, ಅಪಘಾತದಲ್ಲಿ ನುಜ್ಜುಗುಜ್ಜಾದದ್ದು, ಬ್ಯಾಂಕಿನ ಸಾಲ ತೀರದಿರುವುದು ಮಾರುವವನಿಗೂ ದಲ್ಲಾಳಿಗೂ ಗೊತ್ತು. ಕೊಳ್ಳುವವನು ಕೇಳಲಿಲ್ಲ, ನಾವು ಹೇಳಲಿಲ್ಲ ಎಂಬ ಸಮಾಧಾನ ಅಲ್ಲಾಹನ ಮುಂದೆ ನಡೆದೀತೇ?

ಇನ್ನೊಂದು ಕೆಡುಕನ್ನಂತೂ ನಾವು ಕೆಡುಕೆಂದೇ ಭಾವಿಸುತ್ತಿಲ್ಲ. ಖಾಲಿ ಫಾರಂಗೆ ಸಹಿ ಹಾಕಿ ಆರ್.ಸಿ. ಬುಕ್ಕಿನೊಂದಿಗೆ ಕೊಟ್ಟುಬಿಡುವುದು ರೂಢಿಯಾಗಿದೆ. ವಾಹನ ನಾಲ್ಕು ಕೈ ದಾಟಿದರೂ ಹೆಸರು ಮಾತ್ರ ಮೊದಲಿನವನದೇ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಹೀಗೆ ಕೈಯಿಂದ ಕೈಗೆ ಹೋದ ಕಾರೊಂದರ ಅಪಘಾತದಲ್ಲಿ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಯಾರೋ ಓಡಿಸಿದ ಗಾಡಿಗೆ ಬಲಿಯಾದವನ ಮಕ್ಕಳು ಮಾಲೀಕನನ್ನು ಹುಡುಕುತ್ತಾ ಅಲೆಯಬೇಕೇ? ವರ್ಗಾವಣೆಯ ಅಲ್ಪ ಖರ್ಚು ಉಳಿಸಲು ನಾವು ಹಾಕಿದ ಸಹಿ ಒಂದು ಸುಳ್ಳು ಸಾಕ್ಷ್ಯವಲ್ಲವೇ? ಸಾಲವನ್ನು ಬರೆದಿಡಿ, ಕ್ರಯವಿಕ್ರಯಕ್ಕೆ ಸಾಕ್ಷಿಗಳನ್ನಿಡಿ ಎಂದು ಆದೇಶಿಸುವ ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತವು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೆಂಬುದನ್ನು ಮರೆಯದಿರೋಣ.

ಸರಕಾರವೂ ಕಣ್ಣು ತೆರೆದಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ಹಳೆಯ ವಾಹನಗಳ ಅಧಿಕೃತ ಡೀಲರನ ವಶಕ್ಕೆ ವಾಹನ ಕೊಡುವಾಗ ಅದನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು; ಅಲ್ಲಿಂದ ಆ ಡೀಲರನೇ ಮಾಲೀಕನೆಂದು ಗಣಿಸಲ್ಪಡುತ್ತಾನೆ. ವ್ಯಾಪಾರಿ ವಂಚಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಕಾನೂನಿಗೆ ಕಾಗದ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಅಲ್ಲಿ ಕಾವಲಿರಬೇಕಾದುದು ಈಮಾನ್.

ಆದ್ದರಿಂದ ಸಹೋದರರೇ, ಮಾರುವಾಗ ದೋಷವನ್ನು ಬಾಯಿಬಿಟ್ಟು ಹೇಳಿರಿ. ಸಾಲವಿದ್ದರೆ ತೀರಿಸಿ ಬ್ಯಾಂಕಿನ ಪತ್ರ ಕೊಡಿರಿ. ಖಾಲಿ ಫಾರಂಗೆ ಸಹಿ ಹಾಕದಿರಿ. ಹೆಸರು ಬದಲಾಗುವವರೆಗೆ ವ್ಯಾಪಾರ ಮುಗಿಯಿತೆನ್ನದಿರಿ. ಕೊಳ್ಳುವವನು ಯಾವ ಧರ್ಮದವನಾದರೂ ಅವನ ಹಕ್ಕು ಒಂದೇ. ಸತ್ಯ ನುಡಿದು ಎಲ್ಲವನ್ನೂ ತೆರೆದಿಟ್ಟ ವ್ಯಾಪಾರದಲ್ಲಿ ಬರಕತ್ ಇದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ದಲ್ಲಾಳಿಯ ಮಾತಿಗಿಂತ ಆ ಮಾತನ್ನು ನಂಬೋಣ.

ನಮ್ಮ ಸಂಪಾದನೆಯನ್ನು ಅಲ್ಲಾಹನು ಶುದ್ಧಗೊಳಿಸಲಿ. ಆಮೀನ್.