ಕುಲಾಯಿ ಆಮೇಲೆ ಹೊಲಿದರಾಯಿತು

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ."

ಈ ಗಾದೆ ಕನ್ನಡ ನಾಡಿನ ತುಂಬ ಇದೆ. ಕುಲಾವಿ ಎನ್ನುವವರೂ ಉಂಟು, ಕುಂಚಿಗಿ ಎನ್ನುವವರೂ ಉಂಟು. ಫಲಿತಾಂಶ ಬರುವ ಮುನ್ನವೇ ಮಂತ್ರಿಗಿರಿ ಹಂಚಿಕೊಳ್ಳುವವರನ್ನು, ತೊಗರಿ ಹೂ ಬಿಡುವ ಮೊದಲೇ ಅದರ ರೊಕ್ಕ ಎಣಿಸುವವರನ್ನು ಗೇಲಿ ಮಾಡಲು ಬಳಸಿ ಬಳಸಿ, ಅದರೊಳಗೆ ಒಂದು ನಿಜವಾದ ಕೂಸಿದೆ ಎನ್ನುವುದನ್ನೇ ಮರೆತಿದ್ದೇವೆ. ಶಹಾಪುರ, ಸುರಪುರದ ಕಡೆ ಕೂಲಿ ಮಾಡಿ ಉಣ್ಣುವ ಒಂದು ಮನೆಯಲ್ಲಿ, ಆರು ತಿಂಗಳು ತುಂಬಿದ ಸೊಸೆಯ ಎದುರಿಗೆ ಆಯಿ ಇದೇ ಮಾತು ಆಡಿದರೆ ಯಾರೂ ನಗುವುದಿಲ್ಲ. ಅಲ್ಲಿ ಅದು ರೊಕ್ಕದ ಮಾತು. ಯಾವುದಕ್ಕೆ ಈಗ ಖರ್ಚು ಮಾಡಬೇಕು, ಯಾವುದಕ್ಕೆ ಆಮೇಲೆ ಎಂಬ ತೀರ್ಮಾನ.

ಕುಲಾಯಿ ಎಂದರೆ ಎಷ್ಟು ಕೆಲಸ? ಮುತ್ತ್ಯಾನ ಹಳೆ ಧೋತರದ ತುದಿ, ನೂರು ಸಲ ಒಗೆದು ಮೆತ್ತಗಾದದ್ದು, ಗೇಣುದ್ದ ಹರಿದುಕೊಳ್ಳಬೇಕು. ಎರಡಾಗಿ ಮಡಚಿ ಒಂದು ಬದಿ ಹೊಲಿದು, ಹಿಂದಲೆಯ ಕಡೆ ನೆರಿಗೆ ಹಿಡಿದು ಬಿಗಿಯಬೇಕು. ಗದ್ದದ ಕೆಳಗೆ ಕಟ್ಟಲು ಎರಡು ಕಸಿ. ಮನೆಯಲ್ಲಿ ಹಳೆ ಇಳಕಲ್ ಸೀರೆ ಇದ್ದರೆ ಅದರ ದಡಿಯ ಒಂದು ಬೆರಳಗಲ ಪಟ್ಟಿ ಹಣೆಯ ಮೇಲೆ ಬರುವಂತೆ. ಬಲ್ಲವರು ಹೊಲಿಗೆಯ ಒರಟು ಬದಿಯನ್ನು ಹೊರಗಡೆಗೇ ಬಿಡುತ್ತಾರೆ, ಒಳಗೆ ಬಂದರೆ ಎಳೆ ನೆತ್ತಿಗೆ ಉಜ್ಜುತ್ತದೆ ಎಂದು. ನೋಡಲು ತಿರುಗುಮುರುಗಾಗಿ ಹೊಲಿದಂತೆ ಕಾಣುತ್ತದೆ. ಕೂಸಿಗೆ ಅದೇ ಸುಖ. ಇಷ್ಟಕ್ಕೂ ಒಂದು ಮಧ್ಯಾಹ್ನ ಸಾಕು. ಖರ್ಚು, ದಾರದ ಉಂಡೆ. ಕೂಸಿನ ಹಾಸಿಗೆಗೆ ಹಳೆ ಸೀರೆಯ ಕೌದಿ, ತೊಟ್ಟಿಲಿಗೆ ಜಂತಿಗೆ ಕಟ್ಟಿದ ಜೋಳಿಗೆ, ಹೊಲಕ್ಕೆ ಹೋದರೆ ಅದೇ ಜೋಳಿಗೆ ಬೇವಿನ ಟೊಂಗೆಗೆ.

ಹರಿದ ಬಟ್ಟೆಗೆ ಮರ್ಯಾದೆ ಇರುವ ಸೀಮೆ ಇದು. ವಚನಕಾರರಲ್ಲಿ ಹಿರಿಯನಾದ ದೇವರ ದಾಸಿಮಯ್ಯ ಇದೇ ಸುರಪುರ ಭಾಗದ ಮುದನೂರಿನವನು, ನೇಕಾರ. ಅವನು ನೇಯ್ದ ಬೆಲೆಬಾಳುವ ವಸ್ತ್ರವನ್ನು ಜಂಗಮನೊಬ್ಬ ಬೇಡಿ ಪಡೆದು ಕಣ್ಣೆದುರೇ ಹರಿದು ಚೂರು ಮಾಡಿದನಂತೆ. ದಾಸಿಮಯ್ಯ ಬೇಸರಪಡಲಿಲ್ಲ, ಮನೆಗೆ ಎಂದೂ ಬರಿದಾಗದ ತವನಿಧಿ ಬಂತು ಎಂದು ಐತಿಹ್ಯ. ಅದರ ಭಕ್ತಿಯ ಅರ್ಥ ಬಲ್ಲವರು ಹೇಳಲಿ. ನನಗಂತೂ ಆ ಚೂರುಗಳಲ್ಲಿ ಎಷ್ಟು ಕುಲಾಯಿ ಆಗುತ್ತಿದ್ದವು ಎಂಬ ಲೆಕ್ಕವೇ ಮೊದಲು ಬರುತ್ತದೆ.

ಇಷ್ಟು ಅಗ್ಗದ, ಇಷ್ಟು ಬೇಗ ಆಗುವ ವಸ್ತುವನ್ನು ಮೊದಲೇ ಮಾಡಿಟ್ಟರೆ ತಪ್ಪೇನು? ಹಿರಿಯರು ಬಾಯಿಬಿಟ್ಟು ಹೇಳದ ಕಾರಣವೊಂದಿತ್ತು. ಹುಟ್ಟಿದ ಕೂಸುಗಳೆಲ್ಲ ಉಳಿಯುತ್ತಿರಲಿಲ್ಲ. ಖಾಲಿ ಉಳಿದ ಕುಲಾಯಿಯನ್ನು ಗೂಟದ ಮೇಲೆ ನೋಡುತ್ತ ಬಾಣಂತಿ ದಿನ ಕಳೆಯಬಾರದು. ಅಪಶಕುನ ಎಂದು ಕರೆದದ್ದು ಈ ಅಂಜಿಕೆಯನ್ನೇ. ಎರಡನೆಯ ಕಾರಣವನ್ನು ಅವರು ಧಾರಾಳವಾಗಿ ಹೇಳುತ್ತಿದ್ದರು: ಕೂಸು ಬಂದ ಮೇಲೆ ಅರ್ಧ ದಿನದಲ್ಲಿ ಆಗುವುದಕ್ಕೆ ಈಗ ಕೈಯಲ್ಲಿರುವ ರೊಕ್ಕ ಯಾಕೆ ಸಿಕ್ಕಿಸಬೇಕು?

ಗಾದೆಯ ಬುದ್ಧಿ ಇರುವುದು ಇಲ್ಲಿ. ಹುಟ್ಟಿದ ಮೇಲೆ ಮಾಡಬಹುದಾದದ್ದನ್ನು ಮೊದಲು ಮಾಡಬೇಡ ಎಂದಷ್ಟೇ ಅದು ಹೇಳುತ್ತದೆ. ಏನೂ ಮಾಡದೆ ಕೂತಿರು ಎಂದು ಎಲ್ಲೂ ಹೇಳಿಲ್ಲ. ನಾವು ಓದಿಕೊಂಡದ್ದು ಮಾತ್ರ ಹಾಗೆ.

ಈಗ ಯಾರೂ ಮೊದಲೇ ಕುಲಾಯಿ ಹೊಲಿಸುವುದಿಲ್ಲ, ಕುಬುಸ ಮಾಡುತ್ತಾರೆ. ಕುಬುಸ ಹಳೆಯ ಪದ್ಧತಿಯೇ, ಅದಕ್ಕೆ ನನ್ನ ತಕರಾರಿಲ್ಲ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಅಕ್ಕಿ ಕೊಬ್ಬರಿ, ತವರಿನ ಬುತ್ತಿ. ಅದಕ್ಕೂ ಮೊದಲು ಊರಿಗೆ ಗೊತ್ತಾಗದಂತೆ ತಾಯಿ ಒಂದು ಕುಬುಸದ ಬಟ್ಟೆ, ಮಗಳಿಗೆ ಬೇಕೆನಿಸಿದ ತಿನಿಸು ಕಟ್ಟಿಕೊಂಡು ಬಂದು ಹೋಗುವ ಕಳ್ಳಕುಬುಸವಂತೂ ಬಡವರ ಜಾಣತನ. ಬಯಕೆಯೂ ತೀರಿತು, ಹೊಟ್ಟೆಗೂ ಬಿತ್ತು. ಆದರೆ ಈಗ ಕುಬುಸಕ್ಕೆ ಪೆಂಡಾಲು ಬಂದಿದೆ, ಹೂವಿನ ಕುರ್ಚಿ ಬಂದಿದೆ, ಫೋಟೊದವನು ಬಂದಿದ್ದಾನೆ, ಹಳ್ಳಿಯ ಗೋಡೆಗೆ ಬ್ಯಾನರ್ ಬಂದಿದೆ. ಸಂಘದಲ್ಲಿ ಎತ್ತಿದ ಸಾಲ ಒಂದೇ ಮಧ್ಯಾಹ್ನದ ಊಟಕ್ಕೆ ಹೋಗುತ್ತದೆ. ಹೆರಿಗೆಯ ದಿನ ಆಟೋದವನಿಗೆ ಕೊಡಲು ರೊಕ್ಕ ಇರುವುದಿಲ್ಲ. ಕೂಸಿಗಿಂತ ಮೊದಲು ಹೊಲಿಸಿದ ಕುಲಾಯಿ ಇದೇ. ಬಜಾರಿನಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಾರುವ ಪೌಡರು, ಸಾಬೂನು, ಬ್ರಷ್ಷಿನ ಸೆಟ್ಟುಗಳೂ ಇದೇ ಸಾಲಿಗೆ ಸೇರಿದವು.

ಹಾಗಾದರೆ ಮೊದಲು ಆಗಬೇಕಾದದ್ದು ಯಾವುದು? ಒಂದು ಮಧ್ಯಾಹ್ನದಲ್ಲಿ ಆಗದಂಥದ್ದು.

ರಕ್ತ ಹಾಗೆ ಆಗುವುದಿಲ್ಲ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಬಗ್ಗಿ ನಿಂತು ದುಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹಳೆಯ ರೋಗ. ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ಸರಿಪಡಿಸಲು ಹೋದರೆ ರಕ್ತದ ಬಾಟಲಿ ಹುಡುಕಬೇಕು. ಸುರಪುರದಿಂದ ಕಲಬುರಗಿಗೋ ರಾಯಚೂರಿಗೋ ಓಡಬೇಕಾದೀತು. ಬೇನೆ ಹತ್ತುವ ಮೊದಲೇ ರಕ್ತ ಕೊಡಲು ಒಪ್ಪಿದ ಇಬ್ಬರ ಫೋನ್ ನಂಬರ್ ಬರೆದಿಟ್ಟುಕೊಂಡಿರಬೇಕು ಎನ್ನುವುದು ಇದಕ್ಕೇ. ಆರು ತಿಂಗಳು ಮೊದಲೇ ಶುರು ಮಾಡಿದರೆ ಬೇಕಾಗುವುದು ಆಶಾ ಕಾರ್ಯಕರ್ತೆ ಪುಕ್ಕಟೆ ತಂದುಕೊಡುವ ಕಬ್ಬಿಣದ ಗುಳಿಗೆ, ದಿನಕ್ಕೊಂದರಂತೆ 180 ದಿನ. ಅದನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಎರಡು ದಿನ ಹೊಟ್ಟೆ ತೊಳಸಿತು ಎಂದು ಗುಳಿಗೆಯನ್ನು ಜಂತಿಯ ಸಂದಿಗೆ ಸಿಕ್ಕಿಸಿದರಂತೂ ಆಗಲೇ ಇಲ್ಲ. ರಾತ್ರಿ ಉಂಡ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮನೆಯಲ್ಲೇ ಇವೆ. ಮೊಟ್ಟೆ, ಹಾಲು, ಬಿಸಿಯೂಟ ಅಂಗನವಾಡಿಯಲ್ಲಿವೆ. 2017ರ ಅಕ್ಟೋಬರ್ 2ರಂದು ರಾಜ್ಯವ್ಯಾಪಿ ಶುರುವಾದ ಮಾತೃಪೂರ್ಣ ಯೋಜನೆ ಅದು. ಅಂಗನವಾಡಿಗೆ ಹೋಗಿ ಉಣ್ಣಲು ಸೊಸೆಗೆ ನಾಚಿಕೆ, ಕಳಿಸಲು ಅತ್ತೆಗೆ ಬಿಂಕ. ಈ ಬಿಂಕದ ಬೆಲೆ ಕುಬುಸದ ಪೆಂಡಾಲಿಗಿಂತ ಹೆಚ್ಚು.

ಕಾಗದವೂ ಒಂದು ಮಧ್ಯಾಹ್ನದಲ್ಲಿ ಆಗುವುದಿಲ್ಲ. ಬಸುರಿಯ ತಾಯಿ ಕಾರ್ಡ್ ಗಂಡನ ಊರಿನಲ್ಲಿ, ಚೊಚ್ಚಲ ಹೆರಿಗೆ ತವರಿನಲ್ಲಿ, ಆಧಾರ್‌ನಲ್ಲಿ ಅಪ್ಪನ ಹೆಸರು, ರೇಷನ್ ಕಾರ್ಡಿನಲ್ಲಿ ಹೆಸರೇ ಏರಿಲ್ಲ. ಇವಳಿಗೆ ಬರಬೇಕಾದ ರೊಕ್ಕ ಸಿಕ್ಕಿಬೀಳುವುದು ಇಲ್ಲೇ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಹಳ್ಳಿಯ ಬಡ ತಾಯಿಗೆ ಜನನಿ ಸುರಕ್ಷಾದ 700. ಇವೆಲ್ಲ ಅವಳ ಹೆಸರಿನ, ಆಧಾರ್ ಜೋಡಿಸಿದ ಖಾತೆಗೇ ಬೀಳಬೇಕು. ಗಂಡನ ಖಾತೆ ನಡೆಯುವುದಿಲ್ಲ. ಗೃಹಲಕ್ಷ್ಮಿಯ 2000 ಬರುವುದು ಮನೆಯ ಯಜಮಾನಿಗೆ, ಅಂದರೆ ಸಾಮಾನ್ಯವಾಗಿ ಅತ್ತೆಗೆ. ಅದರಲ್ಲಿ ತಿಂಗಳಿಗೆ ಪಾವು ಕಿಲೊ ಅಂಟು, ಅಳವಿ, ಖಾರೀಕು ತಂದಿಟ್ಟರೆ ಬಾಣಂತನದ ಅಂಟಿನುಂಡಿಗೆ ಒಂದೇ ಸಲ ಕೈ ಕಚ್ಚುವುದಿಲ್ಲ.

ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುವ ತಾಂಡಾದವರ, ಹಳ್ಳಿಯವರ ಪಾಡು ಬೇರೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಆಶಾ ಇಲ್ಲ, ಅಂಗನವಾಡಿ ಇಲ್ಲ. ಏಳು ತಿಂಗಳಿಗೆ ಊರಿಗೆ ಮರಳುವಾಗ ಕಾರ್ಡ್ ಅಲ್ಲೇ ಟ್ರಂಕಿನಲ್ಲಿ ಉಳಿದಿರುತ್ತದೆ. ಇವರಿಗೆ ಹೇಳಬೇಕಾದದ್ದು ಒಂದೇ: ಎಲ್ಲಿಗೆ ಹೋದರೂ ಆ ಕಾರ್ಡ್ ಜೊತೆಗಿರಲಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಬರೆಸಿಕೊಳ್ಳಿರಿ.

ಸರ್ಕಾರವೇ ಕುಲಾಯಿ ಹೊಲಿಸಿದ್ದೂ ಉಂಟು. 2007ರಲ್ಲಿ ನಮ್ಮ ರಾಜ್ಯ ತಂದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಹೊದಿಕೆಗಳ ಜೊತೆ ಕೂಸಿಗೆ ಸ್ವೆಟರು, ಟೋಪಿ, ಕಾಲುಚೀಲ ಇದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಕೊಡುತ್ತಿದ್ದದ್ದು. ದೂರದ ಫಿನ್‌ಲೆಂಡ್ 1938ರಿಂದ ಬಡ ತಾಯಂದಿರಿಗೆ ಬಟ್ಟೆಬರೆ ತುಂಬಿದ ಪೆಟ್ಟಿಗೆ ಕೊಡುತ್ತ ಬಂತು. 1949ರಲ್ಲಿ ಎಲ್ಲ ತಾಯಂದಿರಿಗೂ ಅದನ್ನು ವಿಸ್ತರಿಸಿತು, ಒಂದು ಕರಾರಿನ ಮೇಲೆ: ನಾಲ್ಕು ತಿಂಗಳು ತುಂಬುವುದರೊಳಗೆ ತಪಾಸಣೆಗೆ ಬಂದಿರಬೇಕು. ಟೋಪಿಯ ಆಸೆಗಾದರೂ ಬಸುರಿ ದವಾಖಾನೆಯ ಮೆಟ್ಟಿಲು ಹತ್ತಲಿ ಎನ್ನುವ ಉಪಾಯ. ನಮ್ಮ ಗಾದೆಗೆ ಇದು ಎದುರು ಅಲ್ಲ. ಬಟ್ಟೆಗಿಂತ ತಪಾಸಣೆ ಮೊದಲು ಎಂದು ಆ ಜನವೂ ತಿಳಿದುಕೊಂಡಿದ್ದರು.

ಸರ್ಕಾರಿ ಆಸ್ಪತ್ರೆಯ ಹೆರಿಗೆ ಪುಕ್ಕಟೆ ಎನ್ನುವುದು 2011ರಿಂದ ಬರೀ ಭರವಸೆಯಲ್ಲ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಹಕ್ಕು. ಸಿಜೇರಿಯನ್, ಔಷಧ, ರಕ್ತ, ತಾಯಿಗೆ ಊಟ, ಕರೆತರುವ ಮತ್ತು ಮನೆಗೆ ಬಿಡುವ ಗಾಡಿ ಎಲ್ಲ ಇದರಲ್ಲಿ ಸೇರಿವೆ. ಆದರೂ ಹೊರಗಿನ ಅಂಗಡಿಯ ಚೀಟಿ ಬರುತ್ತದೆ, ಜೊತೆಗೆ ಬಂದವರ ಊಟ ಇರುತ್ತದೆ, ವಾರ್ಡಿನಲ್ಲಿ "ಖುಷಿಲೆ ಏನರ ಕೊಡ್ರಿ" ಎನ್ನುವ ಕೈಗಳೂ ಇರುತ್ತವೆ. 108ಕ್ಕೆ ಫೋನ್ ಮಾಡಿದರೂ ನಡುರಾತ್ರಿ ಗಾಡಿ ಬೇರೆ ಊರಿಗೆ ಹೋಗಿರಬಹುದು. ಅದಕ್ಕೆ ಮನೆಯಲ್ಲಿ ಒಂದಿಷ್ಟು ನಗದು, ಎಬ್ಬಿಸಿದರೆ ಏಳುವ ಒಬ್ಬ ಆಟೋದವ, ಎರಡೂ ಎಂಟು ತಿಂಗಳಿಗೇ ಗೊತ್ತಾಗಿರಲಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದಲೇ ಪುಕ್ಕಟೆ ತಪಾಸಣೆ ಇರುತ್ತದೆ. 2023ರ ಜೂನ್‌ನಿಂದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ರೊಕ್ಕವೂ ಇಲ್ಲ. ಮನೆಯಲ್ಲಿ ಬಸುರಿ ಇದ್ದರೆ ಬರುವ 9ಕ್ಕೆ ಅವಳ ಕೈಯಲ್ಲಿ ತಾಯಿ ಕಾರ್ಡ್, ಆಧಾರ್, ಪಾಸ್‌ಬುಕ್ ಕೊಟ್ಟು ಮುಂಜಾನೆಯ ಬಸ್ಸು ಹತ್ತಿಸಿರಿ. ಜೊತೆಗೆ ಅತ್ತೆಯೂ ಹೋಗಲಿ.